ಪ್ಯಾಕ್-ಮ್ಯಾನ್ ಮತ್ತು ಒಂದು ತುಂಡು ಕಡಿಮೆಯಾದ ಪಿಜ್ಜಾ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳದಿ ದುಂಡುಮುಖ, ಅದರಲ್ಲಿ ಸದಾ ತೆರೆದು ಮುಚ್ಚುವ ಬಾಯಿ. ದೆವ್ವಗಳಿಂದ ತಪ್ಪಿಸಿಕೊಳ್ಳುತ್ತ ಚಕ್ರವ್ಯೂಹದ ದಾರಿಯ ಚುಕ್ಕಿಗಳನ್ನೆಲ್ಲ ತಿನ್ನುವ ವಿಡಿಯೊ ಗೇಮ್, ಜಪಾನಿನ ನಾಮ್ಕೊ ಕಂಪನಿ 1980ರಲ್ಲಿ ಹೊರತಂದ ಪ್ಯಾಕ್-ಮ್ಯಾನ್ ಬಗ್ಗೆ ಮಾತು ಶುರುವಾದರೆ ಪಿಜ್ಜಾ ಕಥೆ ಬಂದೇ ಬರುತ್ತದೆ. ಆ ಕಥೆ ಚೆನ್ನಾಗಿದೆ, ಆದರೆ ಅಲ್ಲಿಗೇ ನಿಂತುಬಿಟ್ಟರೆ ಈ ಆಟಕ್ಕೆ ಅನ್ಯಾಯ ಮಾಡಿದಂತೆ. ಪಿಜ್ಜಾದಿಂದ ಬಂದದ್ದು ಮುಖದ ಆಕಾರ. ಆಟದ ಉಳಿದೆಲ್ಲ ಭಾಗವೂ, ಅಂದರೆ ಚುಕ್ಕಿ, ಹಣ್ಣು, ದೆವ್ವ, ಕೊನೆಗೆ ಸಾಯುವ ರೀತಿ ಕೂಡ, ತಿನ್ನುವ ಕ್ರಿಯೆಯ ಸುತ್ತಲೇ ಬೆಳೆದದ್ದು ಎಂದು ನಾನು ನಂಬಿದ್ದೇನೆ. ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಆ ದಿಕ್ಕಿನಿಂದಲೇ ಉತ್ತರಿಸಿದ್ದೇನೆ.

ಪಿಜ್ಜಾ ನೋಡಿ ಪ್ಯಾಕ್-ಮ್ಯಾನ್ ಮಾಡಿದರು ಅನ್ನುತ್ತಾರಲ್ಲ, ಅದು ನಿಜವೇ?

ಅರ್ಧ ನಿಜ. ಹಾಗೆಂದವರು ಪಾತ್ರವನ್ನು ಕಲ್ಪಿಸಿದ ತೋರು ಇವಾತಾನಿ ಅವರೇ. ಹೊಟ್ಟೆ ಹಸಿದಿತ್ತು, ಇಡೀ ಪಿಜ್ಜಾ ತರಿಸಿಕೊಂಡರು, ಒಂದು ತುಂಡು ಎತ್ತಿಕೊಂಡರು, ಉಳಿದದ್ದು ಬಾಯಿ ತೆರೆದ ಮುಖದಂತೆ ಕಂಡಿತು. ಇದು ಜಗತ್ತನ್ನೆಲ್ಲ ಸುತ್ತಿದ ಕಥೆ. 1986ರಲ್ಲಿ ಪ್ರಕಟವಾದ ಒಂದು ಸಂದರ್ಶನದಲ್ಲಿ ಇದು ನಿಜವೇ ಎಂದು ನೇರವಾಗಿ ಕೇಳಿದಾಗ, ಅರ್ಧ ನಿಜ ಎಂದು ಅವರು ಉತ್ತರಿಸಿದರು.

ಉಳಿದ ಅರ್ಧ ಜಪಾನಿನ ಲಿಪಿಯಿಂದ ಬಂತು. ಜಪಾನಿ ಭಾಷೆಯಲ್ಲಿ ಬಾಯಿಗೆ 'ಕುಚಿ' ಎನ್ನುತ್ತಾರೆ. ಅದನ್ನು ಬರೆಯುವ ಅಕ್ಷರ ನೋಡಲು ಒಂದು ಖಾಲಿ ಚೌಕ. ತಿನ್ನುವ ಆಟ ಮಾಡಬೇಕೆಂದು ಹೊರಟ ಇವಾತಾನಿ ಆ ಚೌಕವನ್ನು ಮನಸ್ಸಿನಲ್ಲಿಟ್ಟುಕೊಂಡು ದುಂಡಗೆ ಮಾಡಿದರು. ಅಂದರೆ ಪಿಜ್ಜಾ ಎದುರಿಗೆ ಬರುವ ಹೊತ್ತಿಗೆ ಅವರ ತಲೆಯಲ್ಲಿ ಬಾಯಿಯ ಹುಡುಕಾಟ ನಡೆದೇ ಇತ್ತು ಎಂಬುದು ನನ್ನ ಅಂದಾಜು. ಪಿಜ್ಜಾದಿಂದ ತುಂಡು ತೆಗೆದವರು ಲೋಕದಲ್ಲಿ ಕೋಟಿಗಟ್ಟಲೆ ಜನ. ಅದರಲ್ಲಿ ಬಾಯಿ ಕಂಡದ್ದು ಬಾಯಿಯನ್ನು ಹುಡುಕುತ್ತಿದ್ದವರಿಗೆ.

ಇವಾತಾನಿ ಯಾರು?

1955ರಲ್ಲಿ ಟೋಕಿಯೊದಲ್ಲಿ ಹುಟ್ಟಿದವರು. 1977ರಲ್ಲಿ ನಾಮ್ಕೊ ಸೇರಿದಾಗ ಅವರಿಗೆ ಆಸೆ ಇದ್ದದ್ದು ಲೋಹದ ಗುಂಡನ್ನು ಚಿಮ್ಮಿಸಿ ಆಡುವ ಪಿನ್‌ಬಾಲ್ ಯಂತ್ರಗಳ ಮೇಲೆ. ಕಂಪನಿ ಪಿನ್‌ಬಾಲ್ ಮಾಡುತ್ತಿರಲಿಲ್ಲವಾದ್ದರಿಂದ ಪಿನ್‌ಬಾಲ್ ಥರದ ವಿಡಿಯೊ ಗೇಮ್ ಮಾಡಿದರು. 1978ರ 'ಜೀ ಬೀ', ಆಮೇಲೆ 'ಬಾಂಬ್ ಬೀ' ಮತ್ತು 'ಕ್ಯೂಟೀ ಕ್ಯೂ'. ಪ್ಯಾಕ್-ಮ್ಯಾನ್ ಹೊರಬಂದಾಗ ಅವರಿಗೆ ಕೇವಲ 25 ವರ್ಷ.

ಆಟ ಒಬ್ಬರಿಂದಲೇ ಆದದ್ದಲ್ಲ. ಪ್ರೋಗ್ರಾಂ ಬರೆದವರು ಶಿಗೆಯೊ ಫುನಾಕಿ, ಆ ಮರೆಯಲಾಗದ ಶಬ್ದಗಳನ್ನು ಕೂರಿಸಿದವರು ತೋಶಿಯೊ ಕಾಯ್. ಸಣ್ಣ ತಂಡ, ಒಂದು ವರ್ಷಕ್ಕೂ ಮೀರಿದ ಕೆಲಸ. 1980ರ ಮೇ 22ರಂದು ಟೋಕಿಯೊದ ಶಿಬುಯಾದಲ್ಲಿ ಮೊದಲ ಬಾರಿ ಜನರ ಕೈಗೆ ಕೊಟ್ಟು ನೋಡಿದರು. ಅದೇ ವರ್ಷದ ಕೊನೆಯೊಳಗೆ ಮಿಡ್‌ವೇ ಕಂಪನಿಯ ಮೂಲಕ ಆಟ ಅಮೆರಿಕ ತಲುಪಿತ್ತು.

ಎಲ್ಲ ಬಿಟ್ಟು ತಿಂಡಿಯ ವಿಷಯವೇ ಯಾಕೆ ಬೇಕಾಯಿತು?

ಇದು ಪಿಜ್ಜಾಕ್ಕಿಂತ ಮುಖ್ಯವಾದ ಪ್ರಶ್ನೆ. 1978ರಲ್ಲಿ ಟೈಟೊ ಕಂಪನಿಯ 'ಸ್ಪೇಸ್ ಇನ್ವೇಡರ್ಸ್' ಜಪಾನನ್ನು ಹುಚ್ಚೆಬ್ಬಿಸಿತ್ತು. ಅದರ ಬೆನ್ನಿಗೇ ಬಂದ ಆಟಗಳೆಲ್ಲ ಬಾಹ್ಯಾಕಾಶ, ಶತ್ರು, ಗುಂಡು ಇಷ್ಟರಲ್ಲೇ ಗಿರಕಿ ಹೊಡೆಯುತ್ತಿದ್ದವು. ಯಂತ್ರಕ್ಕೆ ನಾಣ್ಯ ಹಾಕಿ ಆಡುವ ಗೇಮ್ ಸೆಂಟರ್‌ಗಳೆಂದರೆ ಹುಡುಗರ ಅಡ್ಡೆ. ಮಬ್ಬುಗತ್ತಲು, ಕೊಳಕು ಶೌಚಾಲಯ. ಹೆಣ್ಣುಮಕ್ಕಳು ಒಳಗೆ ಕಾಲಿಡಲು ಹಿಂಜರಿಯುತ್ತಿದ್ದರು. ಜೋಡಿಗಳು ಬರಬೇಕು, ಹುಡುಗಿಯರು ತಾವಾಗಿಯೇ ಬಂದು ಆಡಬೇಕು, ಆಗ ಆ ಜಾಗದ ಕಳೆಯೇ ಬದಲಾಗುತ್ತದೆ ಎಂದು ಇವಾತಾನಿ ಯೋಚಿಸಿದರು.

ಹುಡುಗಿಯರಿಗೆ ಏನು ಹಿಡಿಸುತ್ತದೆ ಎಂದು ಪಟ್ಟಿ ಮಾಡುತ್ತ ಹೋದಾಗ ಫ್ಯಾಷನ್, ಭವಿಷ್ಯ ಹೇಳಿಸಿಕೊಳ್ಳುವುದು, ಗೆಳೆಯರ ಜೊತೆಗಿನ ಓಡಾಟ, ತಿನ್ನುವುದು ಇವೆಲ್ಲ ಬಂದವು. ಊಟವಾದ ಮೇಲೂ ಸಿಹಿ ತಿನ್ನುವ ಖುಷಿ ಅವರನ್ನು ಸೆಳೆಯಿತು. 'ತಿನ್ನು' ಎಂಬ ಕ್ರಿಯೆಯನ್ನು ಹಿಡಿದುಕೊಂಡರು. ಹೆಂಗಸರೆಂದರೆ ಸಿಹಿತಿಂಡಿ ಎಂಬ ಆ ಲೆಕ್ಕಾಚಾರ ಇವತ್ತು ಕೇಳಲು ಸಂಕುಚಿತ ಅನ್ನಿಸುತ್ತದೆ, ಅನ್ನಿಸಲೂ ಬೇಕು. ಆದರೆ ಅದರ ಫಲ ಮಾತ್ರ ದೊಡ್ಡದು. ತಿನ್ನುವುದು ಗಂಡು ಹೆಣ್ಣು, ಚಿಕ್ಕವರು ದೊಡ್ಡವರು ಎಂದಿಲ್ಲದೆ ಎಲ್ಲರಿಗೂ ಗೊತ್ತಿರುವ ಕೆಲಸ. ಗುಂಡು ಹಾರಿಸುವುದನ್ನು ಕಲಿಸಬೇಕು, ತಿನ್ನುವುದನ್ನು ಯಾರೂ ಕಲಿಸಬೇಕಿಲ್ಲ.

ಆಗ ಜಪಾನಿನಲ್ಲಿ ಪಿಜ್ಜಾ ಅಷ್ಟು ಬಳಕೆಯಲ್ಲಿತ್ತೇ?

ಟೋಕಿಯೊದಂಥ ನಗರದಲ್ಲಿ ಹೋಟೆಲಿಗೆ ಹೋಗಿ ತಿನ್ನುವಷ್ಟು ಇತ್ತು. ಮನೆ ಬಾಗಿಲಿಗೆ ತಂದುಕೊಡುವ ಪಿಜ್ಜಾ ಆಮೇಲಿನದು. ಡಾಮಿನೋಸ್ ತನ್ನ ಮೊದಲ ಜಪಾನಿ ಅಂಗಡಿಯನ್ನು ಟೋಕಿಯೊದ ಎಬಿಸುವಿನಲ್ಲಿ ತೆರೆದದ್ದು 1985ರಲ್ಲಿ.

ನಮ್ಮ ಕಡೆಯ ಲೆಕ್ಕ ಇನ್ನೂ ಸ್ವಾರಸ್ಯ. ಪಿಜ್ಜಾ ಹಟ್ ಭಾರತದ ತನ್ನ ಮೊದಲ ಅಂಗಡಿಯನ್ನು ಬೆಂಗಳೂರಿನಲ್ಲಿ ತೆರೆದದ್ದು 1996ರಲ್ಲಿ. ಅದಕ್ಕಿಂತ ಮುಂಚೆಯೇ ಟಿವಿಗೆ ಸಿಕ್ಕಿಸುವ ವಿಡಿಯೊ ಗೇಮ್ ಕ್ಯಾಸೆಟ್‌ಗಳಲ್ಲಿ ಪ್ಯಾಕ್-ಮ್ಯಾನ್ ಆಡಿದ ಕನ್ನಡದ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ತುಂಡು ತೆಗೆದ ಪಿಜ್ಜಾವನ್ನು ಕಣ್ಣಾರೆ ಕಂಡಿರಲಾರರು. ಆದರೂ ಆ ಹಳದಿ ಆಕಾರ ಏನು ಮಾಡುತ್ತಿದೆ ಎಂದು ಯಾರೂ ಕೇಳಬೇಕಾಗಲಿಲ್ಲ. ಪಿಜ್ಜಾ ಗೊತ್ತಿಲ್ಲದವರಿಗೂ ಬಾಯಿ ಗೊತ್ತು.

ದುಂಡಗಿರುವ ಬೇರೆ ಯಾವ ತಿಂಡಿಯಿಂದಲೂ ಈ ಆಕಾರ ಬರುತ್ತಿರಲಿಲ್ಲವೇ?

ಸುಲಭವಾಗಿ ಬರುತ್ತಿರಲಿಲ್ಲ. ಜೋಳದ ರೊಟ್ಟಿಯನ್ನು ನೆನೆಸಿಕೊಳ್ಳಿ. ಅಂಚಿನಿಂದ ಒಂದು ತುತ್ತು ಮುರಿದರೆ ಅಂಕುಡೊಂಕಾದ ಕಚ್ಚು ಬೀಳುತ್ತದೆಯೇ ಹೊರತು ಬಾಯಿ ಕಾಣುವುದಿಲ್ಲ. ಪಿಜ್ಜಾವನ್ನಾದರೆ ಅಂಚಿನಿಂದ ನಟ್ಟನಡುವಿನವರೆಗೆ ನೇರ ಗೆರೆಯಲ್ಲಿ ಕತ್ತರಿಸುತ್ತಾರೆ. ಒಂದು ತುಂಡು ಎತ್ತಿದರೆ ಎರಡು ನೇರ ಗೆರೆಗಳು ಕೇಂದ್ರದಲ್ಲಿ ಕೂಡುವ ಕೋನ ಉಳಿಯುತ್ತದೆ. ಆ ಕೋನದ ತುದಿ ವೃತ್ತದ ನಡುವೆಯೇ ಇರುವುದರಿಂದ, ಮುಖ ಎಷ್ಟಿದೆಯೋ ಬಾಯಿಯೂ ಅಷ್ಟೇ ಆಳ ಎಂಬ ಭಾವನೆ ಬರುತ್ತದೆ. ಇಡೀ ದೇಹವೇ ಬಾಯಿ.

ಇನ್ನೊಂದು ಅನುಕೂಲವೂ ಇತ್ತು. ಆ ಕಾಲದ ಪರದೆಯಲ್ಲಿ ಪ್ಯಾಕ್-ಮ್ಯಾನ್‌ಗೆ ಸಿಕ್ಕ ಜಾಗ ಉದ್ದಕ್ಕೆ 16, ಅಗಲಕ್ಕೆ 16 ಪಿಕ್ಸೆಲ್. ಅಷ್ಟರಲ್ಲಿ ಮೂಗು, ಹಲ್ಲು, ನಾಲಿಗೆ ಬಿಡಿಸಲು ಹೋದರೆ ಎಲ್ಲ ಕಲಸುಮೇಲೋಗರ. ಒಂದು ವೃತ್ತ, ಒಂದು ಕೋನ ಇದ್ದರೆ ದೂರದಿಂದಲೂ ಸ್ಪಷ್ಟ. ಬಾಯಿ ಮುಚ್ಚಿದ ತುಂಬು ವೃತ್ತ, ಸ್ವಲ್ಪ ತೆರೆದದ್ದು, ಪೂರ್ತಿ ತೆರೆದದ್ದು, ಹೀಗೆ ಬೆರಳೆಣಿಕೆಯ ಚಿತ್ರಗಳನ್ನು ಒಂದರ ಹಿಂದೆ ಒಂದು ತೋರಿಸಿದರೆ ಸಾಕು, ಅದು ತಿನ್ನತೊಡಗುತ್ತದೆ. ಕೋನ ಯಾವ ಕಡೆಗಿದೆಯೋ ಪಾತ್ರ ಆ ಕಡೆಗೆ ಹೋಗುತ್ತಿದೆ ಎಂಬುದೂ ತಾನಾಗಿಯೇ ಗೊತ್ತಾಗುತ್ತದೆ.

ಕಣ್ಣು ಯಾಕಿಲ್ಲ?

ಇಡಬೇಕೆಂಬ ಮಾತು ಬಂದಿತ್ತು. ಇವಾತಾನಿ ಒಪ್ಪಲಿಲ್ಲ. ಇವತ್ತು ಕಣ್ಣು ಇಟ್ಟರೆ ನಾಳೆ ಕನ್ನಡಕ ಬೇಕೆನ್ನಿಸುತ್ತದೆ, ಆಮೇಲೆ ಮೀಸೆ, ಇದಕ್ಕೆ ಕೊನೆಯೇ ಇರುವುದಿಲ್ಲ ಎಂಬುದು ಅವರ ವಾದ. ಈ ಪಾತ್ರದ ವಿನ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ತೀರ್ಮಾನ ಇದೇ. ಚೆಂದಗಾಣಿಸಲು ಏನನ್ನಾದರೂ ಸೇರಿಸುತ್ತ ಹೋಗುವುದು ಸುಲಭ, ತಡೆದು ನಿಲ್ಲುವುದು ಕಷ್ಟ. ಅಮೆರಿಕದಲ್ಲಿ ಯಂತ್ರದ ಪಕ್ಕದ ಹಲಗೆಗೆ ಚಿತ್ರ ಬರೆದಾಗ ಅದಕ್ಕೆ ಕಣ್ಣು, ಕೈಕಾಲು ಎಲ್ಲ ಬಂದವು. ಈಗಿನ ಪ್ಯಾಕ್-ಮ್ಯಾನ್ ಗೊಂಬೆಗಳಿಗೂ ಇವೆ. ಆದರೆ ಜನರ ನೆನಪಿನಲ್ಲಿ ಉಳಿದಿರುವುದು ಕಣ್ಣಿಲ್ಲದ ಆ ಬೋಳು ಹಳದಿ ಆಕಾರವೇ.

ಹೆಸರಿಗೂ ತಿನ್ನುವುದಕ್ಕೂ ಸಂಬಂಧ ಇದೆಯೇ?

ಇದೆ. ನಾವು ಗಬಗಬ ತಿಂದ ಅನ್ನುವ ಹಾಗೆ ಜಪಾನಿಗರು ಬಾಯಿ ತೆರೆದು ಮುಚ್ಚಿ ತಿನ್ನುವುದಕ್ಕೆ 'ಪಾಕು ಪಾಕು' ಎನ್ನುತ್ತಾರೆ. ಅದರಿಂದ ಬಂದ ಜಪಾನಿನ ಮೊದಲ ಹೆಸರು 'ಪಕ್ ಮ್ಯಾನ್'. ಅಮೆರಿಕಕ್ಕೆ ಕಳಿಸುವಾಗ ಒಂದು ಭಯ ಹುಟ್ಟಿತು. ಇಂಗ್ಲಿಷಿನ 'ಪಿ' ಅಕ್ಷರದ ಹೊಟ್ಟೆಯನ್ನು ಯಾರಾದರೂ ಪುಂಡರು ಕೆರೆದು 'ಎಫ್' ಮಾಡಿದರೆ ಯಂತ್ರದ ಮೇಲೆ ದೊಡ್ಡಕ್ಷರದಲ್ಲಿ ಬೈಗುಳ ನಿಲ್ಲುತ್ತದೆ. ಹಾಗಾಗಿ ಸ್ವರ ಬದಲಿಸಿ 'ಪ್ಯಾಕ್-ಮ್ಯಾನ್' ಎಂದರು.

ಮೊದಲಿಗೆ ಚಕ್ರವ್ಯೂಹವೇ ಇರಲಿಲ್ಲವಂತೆ?

ಹೌದು. ಮೊದಲ ಕಲ್ಪನೆಯಲ್ಲಿ ಪರದೆಯ ತುಂಬ ತಿಂಡಿ ಹರಡಿತ್ತು, ನಡುವೆ ಪಾತ್ರ ನಿಂತಿತ್ತು. ಎಲ್ಲಿ ಬೇಕಾದರೂ ತಿನ್ನಬಹುದಾದರೆ ಆಡುವವರಿಗೆ ಏನು ಮಾಡಬೇಕೆಂದೇ ತೋಚುವುದಿಲ್ಲ ಎಂದು ಇವಾತಾನಿಗೆ ಹೊಳೆಯಿತು. ಆಮೇಲೆ ದಾರಿಗಳು ಬಂದವು, ತಿಂಡಿಯನ್ನು ಆ ದಾರಿಗಳ ಉದ್ದಕ್ಕೂ ಸಾಲಾಗಿ ಇಟ್ಟರು. ಜಪಾನಿನಲ್ಲಿ ಆ ಚುಕ್ಕಿಗಳನ್ನು ಕುಕೀ ಎಂದು ಕರೆಯುವುದೂ ಉಂಟು. ಒಂದು ಮಟ್ಟದಲ್ಲಿ 240 ಸಣ್ಣ ಚುಕ್ಕಿ, 4 ದೊಡ್ಡ ಚುಕ್ಕಿ. ಎಲ್ಲ ಖಾಲಿಯಾದರೆ ಮುಂದಿನ ಮಟ್ಟ.

ತಿನ್ನುವುದೊಂದೇ ಆದರೆ ಬೇಸರ ಬರುತ್ತದೆ ಎಂದು ಬೆನ್ನಟ್ಟುವವರನ್ನು ತಂದದ್ದು ಅದಾದ ಮೇಲೆ. ಈ ಕ್ರಮವನ್ನು ಗಮನಿಸಬೇಕು. ತಿಂಡಿ ಮೊದಲು, ದಾರಿ ಆಮೇಲೆ, ಶತ್ರು ಕೊನೆಗೆ. ಆ ಕಾಲದ ಮಿಕ್ಕ ಆಟಗಳಲ್ಲಿ ಶತ್ರುವಿನಿಂದಲೇ ಎಲ್ಲವೂ ಶುರುವಾಗುತ್ತಿತ್ತು.

ಮೂಲೆಯ ದೊಡ್ಡ ಚುಕ್ಕಿ ಎಂಥ ತಿಂಡಿ?

ಅದರ ಹಿಂದೆ ಇರುವುದು ಪಾಲಕ್ ಸೊಪ್ಪು. ಕಾರ್ಟೂನಿನ ಪೊಪೈ ಡಬ್ಬಿಯ ಪಾಲಕ್ ನುಂಗಿದ ಕೂಡಲೇ ತೋಳು ಉಬ್ಬಿಸಿ ಎದುರಾಳಿಯನ್ನು ಬಡಿಯುತ್ತಾನಲ್ಲ, ಅದೇ ಸ್ಫೂರ್ತಿ ಎಂದು ಇವಾತಾನಿ ಹೇಳಿದ್ದಾರೆ. ಅಲ್ಲಿಯವರೆಗೆ ಪ್ರಾಣಭಯದಿಂದ ಓಡುತ್ತಿದ್ದ ಪ್ಯಾಕ್-ಮ್ಯಾನ್ ದೊಡ್ಡ ಚುಕ್ಕಿ ತಿಂದ ಗಳಿಗೆಯಲ್ಲಿ ತಿರುಗಿ ನಿಲ್ಲುತ್ತಾನೆ, ದೆವ್ವಗಳು ನೀಲಿಯಾಗಿ ದಿಕ್ಕಾಪಾಲಾಗುತ್ತವೆ. ಮೊದಲ ದೆವ್ವ ತಿಂದರೆ 200 ಅಂಕ, ಎರಡನೆಯದಕ್ಕೆ 400, ಮೂರನೆಯದಕ್ಕೆ 800, ನಾಲ್ಕನೆಯದಕ್ಕೆ 1600. ದುರಾಸೆ ಹುಟ್ಟಿಸುವ ಲೆಕ್ಕ ಇದು. ನಾಲ್ಕನೆಯದಕ್ಕೆ ಬಾಯಿ ಹಾಕಲು ಹೋಗಿ, ನೀಲಿ ಬಣ್ಣ ಕಳೆದು ತಾನೇ ಸಿಕ್ಕಿಬೀಳದ ಆಟಗಾರ ಇರಲಾರ. ಮಟ್ಟ ಏರಿದಂತೆ ನೀಲಿಯ ಅವಧಿ ಕಿರಿದಾಗುತ್ತದೆ, ಕೊನೆಗೆ ಇಲ್ಲವೇ ಆಗುತ್ತದೆ.

ಹಾಗಾದರೆ ದೆವ್ವಗಳೂ ತಿಂಡಿಯೇ?

ಪೂರ್ತಿ ಅಲ್ಲ. ದೆವ್ವದ ಮೈ ಮಾತ್ರ ತಿನ್ನಬಹುದು. ಕಣ್ಣುಗಳು ಉಳಿದು ಪರದೆಯ ನಡುವಿನ ತಮ್ಮ ಮನೆಗೆ ಓಡಿಹೋಗುತ್ತವೆ, ಅಲ್ಲಿ ಮತ್ತೆ ಮೈ ತಳೆಯುತ್ತವೆ. ಹುಡುಗಿಯರು ಹೆದರದೆ ಆಡಬೇಕೆಂಬ ಉದ್ದೇಶದಿಂದಲೇ ಅವನ್ನು ಮುದ್ದಾಗಿ ಬಿಡಿಸಿದ್ದು. ಕಂಪನಿಯ ಮುಖ್ಯಸ್ಥ ಮಸಾಯಾ ನಾಕಾಮುರಾ ಎಲ್ಲ ದೆವ್ವಗಳೂ ಕೆಂಪಗಿರಲಿ ಎಂದರಂತೆ. ಇವಾತಾನಿ ಸಿಬ್ಬಂದಿಯ ಅಭಿಪ್ರಾಯ ಸಂಗ್ರಹಿಸಿದರು. ಬೇರೆ ಬೇರೆ ಬಣ್ಣವೇ ಬೇಕೆಂದು ಎಲ್ಲರೂ ಬರೆದುಕೊಟ್ಟಾಗ ಮುಖ್ಯಸ್ಥರು ಒಪ್ಪಿಕೊಂಡರು.

ಬಣ್ಣದ ಜೊತೆ ಸ್ವಭಾವವೂ ಬೇರೆ. ಕೆಂಪು ದೆವ್ವ ನೇರವಾಗಿ ಬೆನ್ನು ಹತ್ತುತ್ತದೆ. ಗುಲಾಬಿಯದು ನೀವು ಈಗ ಇರುವ ಕಡೆಗೆ ಬರುವುದಿಲ್ಲ, ನಿಮ್ಮ ಮುಖ ಇರುವ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದಿನ ಜಾಗಕ್ಕೆ ಗುರಿ ಇಡುತ್ತದೆ. ತಿಳಿನೀಲಿಯದು ಕೆಂಪು ದೆವ್ವ ಎಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರುವುದರಿಂದ ಅದರ ನಡೆ ಊಹಿಸುವುದೇ ಕಷ್ಟ. ಕಿತ್ತಳೆ ಬಣ್ಣದ್ದು ದೂರದಿಂದ ಅಟ್ಟಿಕೊಂಡು ಬಂದು, ಎಂಟು ಚೌಕದಷ್ಟು ಹತ್ತಿರ ಬಂದ ಕೂಡಲೇ ತನ್ನ ಮೂಲೆಗೆ ತಿರುಗುತ್ತದೆ. ನಾಲ್ಕೂ ಒಂದೇ ಬಗೆಯಲ್ಲಿ ಅಟ್ಟಿಸಿಕೊಂಡು ಬಂದಿದ್ದರೆ ಹಿಂದೆ ಒಂದು ಸಾಲು ಕಟ್ಟುತ್ತಿತ್ತು, ಅಷ್ಟೇ. ಸ್ವಭಾವ ಬೇರೆ ಇರುವುದರಿಂದಲೇ ನಾಲ್ಕು ದಿಕ್ಕಿನಿಂದ ಮುತ್ತಿಗೆ ಬೀಳುತ್ತದೆ. ನಡುನಡುವೆ ಕೆಲವು ಸೆಕೆಂಡು ಬೆನ್ನಟ್ಟುವುದನ್ನು ಬಿಟ್ಟು ಮೂಲೆಗಳಿಗೆ ಚದುರುತ್ತವೆ. ಅಷ್ಟು ಉಸಿರಾಡಲು ಬಿಟ್ಟದ್ದರಿಂದಲೇ ಆಟ ಸಹ್ಯವಾಗಿದೆ.

ಹಣ್ಣುಗಳು ಯಾವಾಗ ಬರುತ್ತವೆ? ಎಷ್ಟು ಅಂಕ?

ಪ್ರತಿ ಮಟ್ಟದಲ್ಲಿ ಎರಡು ಬಾರಿ, ದೆವ್ವಗಳ ಮನೆಯ ಕೆಳಗೆ. 70 ಚುಕ್ಕಿ ತಿಂದಾಗ ಒಮ್ಮೆ, 170 ಆದಾಗ ಇನ್ನೊಮ್ಮೆ. ಮೊದಲ ಮಟ್ಟದಲ್ಲಿ ಚೆರ್ರಿ, 100 ಅಂಕ. ಮುಂದೆ ಸ್ಟ್ರಾಬೆರಿಗೆ 300, ಕಿತ್ತಳೆಗೆ 500, ಸೇಬಿಗೆ 700, ಕರಬೂಜಕ್ಕೆ 1000. ಆಮೇಲೆ ತಿನ್ನಲಾಗದ ವಸ್ತುಗಳು ಬರುತ್ತವೆ. ನಾಮ್ಕೊದ್ದೇ ಹಿಂದಿನ ಆಟ 'ಗ್ಯಾಲಾಕ್ಸಿಯನ್'ನ ಬಾಹ್ಯಾಕಾಶ ಹಡಗಿಗೆ 2000, ಗಂಟೆಗೆ 3000, ಹದಿಮೂರನೇ ಮಟ್ಟದಿಂದ ಮುಂದಕ್ಕೆಲ್ಲ ಬೀಗದ ಕೈಗೆ 5000. ಚೆರ್ರಿ, ಗಂಟೆ ಇವು ಜೂಜಾಡುವ ಹಳೆಯ ಸ್ಲಾಟ್ ಮೆಷಿನ್‌ಗಳಲ್ಲೂ ಕಾಣುವ ಚಿತ್ರಗಳು.

ಹಣ್ಣು ಹತ್ತು ಸೆಕೆಂಡಿನೊಳಗೆ ಮಾಯ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯ ಸಂಕಟ ಈ ಆಟದಲ್ಲಿ ಮತ್ತೆ ಮತ್ತೆ ಆಗುವುದು ಹಣ್ಣಿನ ವಿಷಯಕ್ಕೇ.

ಚುಕ್ಕಿ ತಿನ್ನುವಾಗ ಪ್ಯಾಕ್-ಮ್ಯಾನ್ ನಿಧಾನವಾದಂತೆ ಅನ್ನಿಸುತ್ತದೆ. ಭ್ರಮೆಯೇ?

ಭ್ರಮೆಯಲ್ಲ. ಪರದೆಯ ಚಿತ್ರ ಸೆಕೆಂಡಿಗೆ ಸುಮಾರು 60 ಬಾರಿ ಬದಲಾಗುತ್ತದೆ. ಒಂದೊಂದು ಸಣ್ಣ ಚುಕ್ಕಿ ತಿಂದಾಗಲೂ ಪ್ಯಾಕ್-ಮ್ಯಾನ್ ಅಂಥ ಒಂದು ಚಿತ್ರದಷ್ಟು ಹೊತ್ತು ನಿಲ್ಲುತ್ತಾನೆ, ದೊಡ್ಡ ಚುಕ್ಕಿಗೆ ಮೂರು ಚಿತ್ರದಷ್ಟು. ಆದ್ದರಿಂದ ಚುಕ್ಕಿ ಇರುವ ದಾರಿಯಲ್ಲಿ ಕೆಂಪು ದೆವ್ವ ಹತ್ತಿರವಾಗುತ್ತದೆ, ಖಾಲಿ ದಾರಿಯಲ್ಲಿ ನೀವು ತಪ್ಪಿಸಿಕೊಳ್ಳಬಹುದು. ತಿನ್ನಲು ಸಮಯ ಬೇಕು ಎಂಬ ನಿಜ ಜೀವನದ ಸಂಗತಿ ಇಲ್ಲಿ ಆಟದ ನಿಯಮವಾಗಿ ಕೂತಿದೆ. ಬಲ್ಲ ಆಟಗಾರರು ಓಡಿಹೋಗಬೇಕಾದಾಗ ತಿಂದು ಮುಗಿಸಿದ ದಾರಿಯನ್ನೇ ಹಿಡಿಯುತ್ತಾರೆ.

ಸತ್ತಾಗ ಏನಾಗುತ್ತದೆ ಗಮನಿಸಿದ್ದೀರಾ?

ದಯವಿಟ್ಟು ಒಮ್ಮೆ ನಿಧಾನವಾಗಿ ನೋಡಿ. ದೆವ್ವಗಳು ಮರೆಯಾಗುತ್ತವೆ. ಪ್ಯಾಕ್-ಮ್ಯಾನ್ ಮೇಲಕ್ಕೆ ಮುಖ ಮಾಡುತ್ತಾನೆ. ಬಾಯಿ ತೆರೆಯುತ್ತದೆ, ಇನ್ನೂ ತೆರೆಯುತ್ತದೆ, ಎರಡೂ ಅಂಚುಗಳು ಬದಿಯಿಂದ ಕೆಳಕ್ಕೆ ಇಳಿಯುತ್ತವೆ. ಮುಕ್ಕಾಲು ವೃತ್ತ ಅರ್ಧವಾಗುತ್ತದೆ, ಅರ್ಧ ಕಾಲಾಗುತ್ತದೆ, ಕೊನೆಗೆ ಒಂದು ತೆಳ್ಳನೆ ತುಂಡು ಉಳಿದು ಅದೂ ಇಲ್ಲವಾಗುತ್ತದೆ. ಒಂದೊಂದೇ ತುಂಡು ಎತ್ತುತ್ತ ಪಿಜ್ಜಾ ಖಾಲಿಯಾಗುವುದು ಹೀಗೆಯೇ ಅಲ್ಲವೇ? ಅವರು ಹಾಗೆಂದುಕೊಂಡೇ ಮಾಡಿದರು ಎಂದು ನಾನು ಹೇಳುತ್ತಿಲ್ಲ, ನನ್ನ ಕಣ್ಣಿಗೆ ಕಂಡದ್ದು ಇದು. ಬದುಕಿದ್ದಾಗ ತಿನ್ನುವವನನ್ನು ಸಾಯಿಸಲು ರಕ್ತ ಬೇಕಾಗಲಿಲ್ಲ, ಸ್ಫೋಟ ಬೇಕಾಗಲಿಲ್ಲ. ತಿನ್ನುವ ಬಾಯಿಯನ್ನೇ ಮಿತಿಮೀರಿ ತೆರೆದರು, ಮುಗಿಯಿತು.

ಹೆಣ್ಣುಮಕ್ಕಳು ನಿಜವಾಗಿಯೂ ಆಡಿದರೇ?

ಆಡಿದರು. ಅಮೆರಿಕದಲ್ಲಂತೂ ಎದ್ದು ಕಾಣುವಷ್ಟು. 1982ರಲ್ಲಿ ಅಲ್ಲಿಯೇ 'ಮಿಸ್ ಪ್ಯಾಕ್-ಮ್ಯಾನ್' ಬಂತು. ಅದನ್ನು ಮಾಡಿದವರು ಜನರಲ್ ಕಂಪ್ಯೂಟರ್ ಕಾರ್ಪೊರೇಷನ್ ಎಂಬ ಅಮೆರಿಕದ ಕಂಪನಿಯ ಯುವಕರು, ಹೊರತಂದದ್ದು ಮಿಡ್‌ವೇ. ಅದರಲ್ಲಿ ಪೇರ್ ಹಣ್ಣು, ಬಾಳೆಹಣ್ಣು, ಗಂಟು ಹಾಕಿದಂತಿರುವ ಪ್ರೆಟ್ಜೆಲ್ ಎಂಬ ತಿಂಡಿ ಸೇರಿಕೊಂಡವು. ಹಣ್ಣು ಒಂದೇ ಕಡೆ ಕೂರದೆ ದಾರಿಗಳಲ್ಲಿ ಓಡಾಡತೊಡಗಿತು. ತಿಂಡಿಯನ್ನೇ ಅಟ್ಟಿಸಿಕೊಂಡು ಹೋಗುವ ಮಜಾ ಅದು.

ಆಟಕ್ಕೆ ಕೊನೆ ಇದೆಯೇ?

ಬೇಕೆಂದು ಇಟ್ಟ ಕೊನೆ ಇಲ್ಲ. ಮಟ್ಟದ ಸಂಖ್ಯೆಗೆ ಕಂಪ್ಯೂಟರಿನಲ್ಲಿ ಕೊಟ್ಟ ಜಾಗ ಎಂಟು ಬಿಟ್ ಮಾತ್ರ, ಅಂದರೆ 255ರವರೆಗೆ ಎಣಿಸುವಷ್ಟೇ ಆದ್ದರಿಂದ 256ನೇ ಮಟ್ಟದಲ್ಲಿ ಲೆಕ್ಕ ತಪ್ಪಿ, ಹಣ್ಣುಗಳ ಚಿತ್ರ ಬಿಡಿಸುವ ಭಾಗ ಅಡ್ಡಾದಿಡ್ಡಿ ಓಡಿ, ಪರದೆಯ ಬಲ ಅರ್ಧ ಅಕ್ಷರ ಮತ್ತು ಚಿತ್ರಗಳ ರಾಶಿಯಾಗುತ್ತದೆ. ತಿನ್ನಬೇಕಾದಷ್ಟು ಚುಕ್ಕಿ ಅಲ್ಲಿ ಸಿಗುವುದೇ ಇಲ್ಲ. ಎಲ್ಲವನ್ನೂ ತಿಂದು ಅಲ್ಲಿಯವರೆಗೆ ತಲುಪಿದರೆ ಸಿಗಬಹುದಾದ ಗರಿಷ್ಠ ಅಂಕ 33,33,360.

ತಿಂಡಿಯಿಂದ ಹುಟ್ಟಿದ ಬೇರೆ ಆಟಗಳಿವೆಯೇ?

ಬೇಕಾದಷ್ಟಿವೆ. ಡೇಟಾ ಈಸ್ಟ್ ಕಂಪನಿಯ 1982ರ 'ಬರ್ಗರ್ ಟೈಮ್'ನಲ್ಲಿ ಅಡುಗೆಯವನೊಬ್ಬ ದೈತ್ಯ ಬರ್ಗರಿನ ಪದರಗಳ ಮೇಲೆ ನಡೆದು ಅವನ್ನು ಕೆಳಗೆ ಬೀಳಿಸುತ್ತಾನೆ, ಮೊಟ್ಟೆ ಮತ್ತು ಸಾಸೇಜುಗಳು ಅವನನ್ನು ಅಟ್ಟಿಸಿಕೊಂಡು ಬರುತ್ತವೆ. ನಾಮ್ಕೊದ 'ಡಿಗ್ ಡಗ್'ನಲ್ಲಿ ಬಹುಮಾನವಾಗಿ ತರಕಾರಿ ಸಿಗುತ್ತದೆ. 1992ರಲ್ಲಿ ಬಂದ ಕರ್ಬಿ ಎಂಬ ಗುಲಾಬಿ ಬಣ್ಣದ ಪಾತ್ರ ಶತ್ರುಗಳನ್ನೇ ಉಸಿರಿನಿಂದ ಎಳೆದು ನುಂಗುತ್ತದೆ. ನನಗೆ ಬರ್ಗರ್ ಟೈಮ್ ಇಷ್ಟ. ಆದರೆ ಅಲ್ಲಿ ತಿಂಡಿ ಎಂಬುದು ಅಲಂಕಾರ, ಅದರ ಜಾಗದಲ್ಲಿ ಇಟ್ಟಿಗೆ ಇಟ್ಟರೂ ಆಟ ನಡೆಯುತ್ತದೆ. ಪ್ಯಾಕ್-ಮ್ಯಾನ್‌ನಿಂದ ತಿನ್ನುವುದನ್ನು ತೆಗೆದರೆ ಏನೂ ಉಳಿಯುವುದಿಲ್ಲ.

ಇದನ್ನು ಕಲೆ ಎಂದು ಯಾರಾದರೂ ಒಪ್ಪಿದ್ದಾರೆಯೇ?

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ಮೊದಲ ಬಾರಿಗೆ 14 ವಿಡಿಯೊ ಗೇಮ್‌ಗಳನ್ನು ತನ್ನ ವಿನ್ಯಾಸ ಸಂಗ್ರಹಕ್ಕೆ ಸೇರಿಸಿಕೊಂಡಿತು. ಅವುಗಳಲ್ಲಿ ಪ್ಯಾಕ್-ಮ್ಯಾನ್ ಒಂದು. ಇವಾತಾನಿ 2007ರಲ್ಲಿ ಕಂಪನಿ ಬಿಟ್ಟು ಟೋಕಿಯೊ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದರು.

ಈಗ ಎಲ್ಲಿ ಆಡಬಹುದು?

ಆಟಕ್ಕೆ 30 ವರ್ಷವಾದಾಗ, 2010ರ ಮೇ ತಿಂಗಳಲ್ಲಿ, ಗೂಗಲ್ ತನ್ನ ಮುಖಪುಟದ ಅಕ್ಷರಗಳನ್ನೇ ಚಕ್ರವ್ಯೂಹ ಮಾಡಿ ಇಟ್ಟಿತ್ತು. ಡೂಡಲ್ ಎನ್ನುವ ಇಂಥ ಮುಖಪುಟದ ಚಿತ್ರಗಳ ಗೂಗಲ್ ಸಂಗ್ರಹದಲ್ಲಿ ಅದು ಈಗಲೂ ಇದೆ, ದುಡ್ಡಿಲ್ಲದೆ ಆಡಬಹುದು. ಕಂಪ್ಯೂಟರಿನಲ್ಲಿ ಬಾಣದ ಗುರುತಿನ ಕೀಲಿಗಳಿಂದ ಆಡಿ, ಫೋನಿನಲ್ಲಿ ಬೆರಳು ಎಳೆದು ಆಡುವುದು ಅಷ್ಟು ಹಿಡಿತಕ್ಕೆ ಸಿಗುವುದಿಲ್ಲ. ಶಬ್ದವನ್ನು ಆಫ್ ಮಾಡಬೇಡಿ. ಮಕ್ಕಳಿಗೆ ತೋರಿಸುವಾಗ ನಿಯಮ ವಿವರಿಸುವ ಮೊದಲೇ ಕೈಗೆ ಕೊಟ್ಟುಬಿಡಿ, ಮೊದಲ ಚುಕ್ಕಿಗೆ ಬಾಯಿ ತಾಗಿದ ಕೂಡಲೇ ಅವರಿಗೆ ಎಲ್ಲ ಅರ್ಥವಾಗಿರುತ್ತದೆ.